ಗರಾಜಿನ ಮೂಲೆಯಿಂದ: ಗೋಡೆಗೊರಗಿದ ಜೆಟ್ ವಿಮಾನ

ಕಳೆದ ಸಮ್ಮೇಳನದ ಸ್ಮರಣ ಸಂಚಿಕೆಯ ಈ ಅಂಕಣದಲ್ಲಿ, ಮಿಷಿಗನ್ನಿನ ಹಿಮಗಾಲವನ್ನು ದಾಟಿಸಿ ಒಂದು ಕರಿಬೇವಿನ ಗಿಡವನ್ನು ಉಳಿಸಿಕೊಂಡ ಬಗೆಯನ್ನು ನಿವೇದಿಸಿದ್ದೆ. ಅದನ್ನು ಓದಿದ ಮಹನೀಯರೊಬ್ಬರು ಊಟದ ಸಾಲಿನಲ್ಲಿ ನನ್ನನ್ನು ತಡೆದು, "ಸ್ವಾಮಿ, ನಿಮ್ಮ ಮನೆಯಲ್ಲಿಟ್ಟದ್ದೆಲ್ಲ ಬದುಕುತ್ತದೆ, ಪುಣ್ಯವಂತರು" ಎಂದು ಹರಸಿದರು. ಪ್ರಶಂಸೆಯನ್ನು ಸ್ವೀಕರಿಸಿ ಹೋಳಿಗೆಯ ಕಡೆಗೆ ನಡೆದೆನಾದರೂ ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು. ಏಕೆಂದರೆ ಅದೇ ಮನೆಯ ಗರಾಜಿನ ಮೂಲೆಯಲ್ಲಿ, ನನ್ನ ಅಜಾಗ್ರತೆಯಿಂದಲೇ ಕೆಟ್ಟ ವಸ್ತುವೊಂದಿತ್ತು. ಅದರ ಲೆಕ್ಕವನ್ನು ಓದುಗರಿಗೆ ಒಪ್ಪಿಸದೆ ಮುಂದಿನ ಅಂಕಣಕ್ಕೆ ಹೋಗುವುದು ನ್ಯಾಯವಲ್ಲವೆಂದು ತೋರಿದ್ದರಿಂದ ಈ ಬಾರಿ ಅದೇ ವಿಷಯ.

ವಸ್ತು ಯಾವುದೆಂದರೆ, ಒಂದು ಫೋಮ್ ಜೆಟ್ ವಿಮಾನ. ಕೈಯಲ್ಲಿ ರೇಡಿಯೋ ನಿಯಂತ್ರಕವನ್ನು ಹಿಡಿದು ನೆಲದಲ್ಲಿ ನಿಂತು ಹಾರಿಸುವ ಮಾದರಿ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ಎರಡೂವರೆ ಅಡಿ; ಬ್ಯಾಟರಿ ಸೇರಿ ಮುಕ್ಕಾಲು ಕಿಲೋಗೆ ಸಮೀಪದ ತೂಕ. ಇದನ್ನು ಆಟಿಕೆಯೆಂದರೆ ನನ್ನ ಮಗಳು ಒಪ್ಪುವುದಿಲ್ಲ. 2018ರಲ್ಲಿ, ಅವಳಿಗೆ ಹದಿನಾಲ್ಕು ತುಂಬಿದಾಗ ಕೊಂಡದ್ದು. ಬ್ರಿಟಿಷರ ಹಾಕ್ ತರಬೇತಿ ವಿಮಾನದ ಪ್ರತಿರೂಪ. ಹಾಕ್ ನಮಗೆ ಅಪರಿಚಿತವೇನಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ಅದನ್ನು ತಯಾರಿಸಿದ್ದಾರೆ. ಬೀದರಿನಲ್ಲಿ ನೆಲೆಸಿರುವ ವಾಯುಸೇನೆಯ ಸೂರ್ಯಕಿರಣ ತಂಡ 1996ರಲ್ಲಿ ಆರಂಭವಾದಾಗ ಹಾರಿಸುತ್ತಿದ್ದದ್ದು ಬೆಂಗಳೂರಿನಲ್ಲೇ ಹುಟ್ಟಿದ ಕಿರಣ್ ವಿಮಾನಗಳನ್ನು. 2011ರಲ್ಲಿ ಅವು ನಿಂತುಹೋದ ಮೇಲೆ ತಂಡ ಮರಳಿ ಬಂದದ್ದು ಹಾಕ್‌ಗಳ ಮೇಲೆ. ಯಲಹಂಕದ ವೈಮಾನಿಕ ಪ್ರದರ್ಶನದ ಚಿತ್ರವೊಂದನ್ನು ಮುಂದಿಟ್ಟುಕೊಂಡು ಮಗಳು ತನ್ನ ವಿಮಾನಕ್ಕೆ ಕೆಂಪು ಬಿಳಿ ಬಣ್ಣ ಬಳಿದಳು. ನಾನು ಅದನ್ನು ಭುಜದೆತ್ತರದಿಂದ ಮುಂದಕ್ಕೆ ಎಸೆಯುವುದು, ಅವಳು ಹಾರಿಸುವುದು. ಇಳಿಯುವಾಗ ಚಕ್ರವಿಲ್ಲದೆ ಹುಲ್ಲಿನ ಮೇಲೆ ಹೊಟ್ಟೆಯೂರಿ ಜಾರುವುದು: ನಾಲ್ಕು ಬೇಸಗೆಗಳ ಭಾನುವಾರಗಳು ನಮ್ಮ ಪಾಲಿಗೆ ಹೀಗೆ ಕಳೆದವು.

2022ರ ಶರದೃತುವಿನಲ್ಲಿ ಅವಳು ವಿಶ್ವವಿದ್ಯಾಲಯಕ್ಕೆ ಹೊರಟಳು. ಕಾರಿಗೆ ಹಾಸಿಗೆ, ದೀಪ, ಪ್ರೆಶರ್ ಕುಕ್ಕರುಗಳನ್ನು ತುಂಬಿಸಿದ ಮೇಲೆ ಗರಾಜಿನೊಳಕ್ಕೆ ಹೋಗಿ ವಿಮಾನವನ್ನೊಮ್ಮೆ ನೋಡಿ, "ಅಪ್ಪ, ಇದನ್ನು ಚೆನ್ನಾಗಿ ನೋಡಿಕೊಳ್ಳಿ" ಎಂದಳು. "ಅಗತ್ಯವಾಗಿ" ಎಂದೆ. ಆ ಕ್ಷಣದಲ್ಲಿ ನಾನು ವಿಮಾನದ ವಿಚಾರವನ್ನು ಯೋಚಿಸುತ್ತಿರಲಿಲ್ಲ ಎಂಬುದನ್ನು ತಂದೆತಾಯಿಯರಾದ ಓದುಗರು ಅರ್ಥಮಾಡಿಕೊಂಡಾರು.

ಇಲ್ಲಿ ಫೋಮ್ ಎಂಬುದರ ಗುಣವನ್ನು ಸ್ವಲ್ಪ ತಿಳಿಸಬೇಕು. ನಾವು ಬಾಲ್ಯದಲ್ಲಿ ಗಣೇಶನ ಮಂಟಪಕ್ಕೆ ಕತ್ತರಿಸುತ್ತಿದ್ದ ಥರ್ಮೋಕೋಲು ಇದರ ದಾಯಾದಿ. ಆದರೆ ಥರ್ಮೋಕೋಲು ಬಗ್ಗಿಸಿದರೆ ಮುರಿಯುತ್ತದೆ. ಸಾಮಾನ್ಯ ಶೀಘ್ರ ಅಂಟನ್ನು ಹಚ್ಚಿದರೆ ಕರಗಿ ಕುಳಿಬೀಳುತ್ತದೆ. ಇಂದಿನ ಮಾದರಿ ಜೆಟ್‌ಗಳು ಬಹುಪಾಲು ಇ.ಪಿ.ಓ. ಎಂಬ ಜಾತಿಯವು. ಸಣ್ಣ ಮಣಿಗಳನ್ನು ಅಚ್ಚಿನೊಳಗೆ ಆವಿಯಿಂದ ಉಬ್ಬಿಸಿ ಬೆಸೆದು ಮಾಡಿದ್ದು. ಬಗ್ಗುತ್ತದೆ, ಅಂಟಿಗೆ ಹೆದರುವುದಿಲ್ಲ, ತಗ್ಗು ಬಿದ್ದ ಕಡೆ ಬಿಸಿನೀರು ಹಾಕಿದರೆ ಬಹುಮಟ್ಟಿಗೆ ಮೇಲೆದ್ದು ಬರುತ್ತದೆ. ಇಷ್ಟು ಉಪಕಾರಿಯಾದ ವಸ್ತುವಿಗೆ ಒಂದು ದೌರ್ಬಲ್ಯ: ಅದಕ್ಕೆ ನೆನಪು ಹೆಚ್ಚು. ಯಾವ ಭಂಗಿಯಲ್ಲಿ ತಿಂಗಳುಗಟ್ಟಲೆ ಇಟ್ಟಿರೋ ಆ ಭಂಗಿಯನ್ನು ಕಲಿತುಬಿಡುತ್ತದೆ. ಬಿಸಿ ತಾಗಿದರೆ ಮಣಿಗಳೊಳಗಿನ ಅನಿಲ ಹಿಗ್ಗಿ ಮೈಮೇಲೆ ಗುಳ್ಳೆಗಳೇಳುತ್ತವೆ. ಗಾಢವರ್ಣ ಬಳಿದ ಭಾಗ ಬಿಸಿಲನ್ನು ಹೆಚ್ಚಾಗಿ ಹೀರುವುದರಿಂದ ಗುಳ್ಳೆ ಮೊದಲು ಏಳುವುದು ಅಲ್ಲಿಯೇ.

ನಾನು ಮಾಡಿದ್ದೇನು? ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಜಾಗ ಬೇಕಲ್ಲವೆಂದು ವಿಮಾನವನ್ನು ಮೂತಿ ಮೇಲೆ, ಬಾಲ ಕೆಳಗೆ ಮಾಡಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಇಡೀ ತೂಕ ಬಾಲದ ಅಡ್ಡರೆಕ್ಕೆಯ ಹಿಂದಿನ ಅಂಚಿನ ಮೇಲೆ ಕುಳಿತಿತು. ನಿಜವಾದ ಹಾಕ್‌ನಲ್ಲಿ ಬಾಲದ ಅಡ್ಡರೆಕ್ಕೆ ಇಡಿಯಾಗಿಯೇ ತಿರುಗುತ್ತದೆ. ನಮ್ಮ ಮಾದರಿಯಲ್ಲಿ ಹಿಂದಿನ ಪಟ್ಟಿ ಮಾತ್ರ ಏರಿಳಿಯುತ್ತದೆ. ಅದಕ್ಕಿದ್ದ ಬಿಜಾಗರಿ ಲೋಹದ್ದಲ್ಲ. ಫೋಮನ್ನೇ ಒಂದು ಗೆರೆಯಲ್ಲಿ ತೆಳುವಾಗಿ ಒತ್ತಿ ಮಾಡಿದ್ದು. ಆ ತೆಳುಗೆರೆಯ ಮೇಲೆ ಎರಡು ಚಳಿಗಾಲಗಳ ಭಾರ ಬಿತ್ತು. ನಡುವಿನ ಬೇಸಗೆಯಲ್ಲಿ ಪಶ್ಚಿಮದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಿದ್ದು ಕೆಂಪು ಭಾಗದಲ್ಲಿ ಎರಡು ಗುಳ್ಳೆಗಳೆದ್ದವು. ಇಲಿಯೊಂದು ಮೂತಿಯ ಕೆಳಗೆ ರುಚಿ ನೋಡಿ, ಹಿಡಿಸದೆ ಬಿಟ್ಟುಹೋಗಿತ್ತು. ಇವೆಲ್ಲವನ್ನೂ ನಾನು ಕಂಡೆ. ಮೈಮೇಲಿನ ಗಾಯಗಳೆಂದು ಭಾವಿಸಿ ಸುಮ್ಮನಾದೆ.

ಬ್ಯಾಟರಿಗಳ ಕಥೆ ಇದಕ್ಕಿಂತ ಗಂಭೀರ. ಫೋಮ್ ಜೆಟ್ ಎಂಬ ವಸ್ತುವೇ ಇಂದು ಸಾಧ್ಯವಾಗಿರುವುದು ಲಿಥಿಯಮ್ ಪಾಲಿಮರ್ ಬ್ಯಾಟರಿ ಮತ್ತು ಬ್ರಷ್ ಇಲ್ಲದ ಮೋಟಾರುಗಳಿಂದ. ಅದಕ್ಕೆ ಮುಂಚಿನ ನಿಕಲ್ ಕ್ಯಾಡ್ಮಿಯಮ್ ಕೋಶ ಒಂದಕ್ಕೆ 1.2 ವೋಲ್ಟ್ ಮಾತ್ರ ಕೊಡುತ್ತಿತ್ತು, ಭಾರವೋ ಬಹಳ. ಲಿಥಿಯಮ್ ಕೋಶ 3.7 ವೋಲ್ಟಿನದು, ಹಗುರ, ಆದರೆ ಅಭಿಮಾನಿ. ಪೂರ್ಣ ತುಂಬಿದಾಗ ಕೋಶವೊಂದಕ್ಕೆ 4.2 ವೋಲ್ಟ್. ಆ ಸ್ಥಿತಿಯಲ್ಲಿ ವಾರಗಟ್ಟಲೆ ಇಟ್ಟರೆ ಒಳಗಿನ ದ್ರಾವಣ ಕೆಟ್ಟು ಅನಿಲವಾಗುತ್ತದೆ, ಚೀಲ ಉಬ್ಬುತ್ತದೆ. ಪೂರ್ಣ ಬರಿದಾಗಿಸಿ ಇಟ್ಟರೂ ಕೆಡುತ್ತದೆ. ಹಾರಿಸದೆ ಇಡುವಾಗ ಕೋಶವೊಂದಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ, ಅಂದರೆ ಅರ್ಧಕ್ಕೆ ಸಮೀಪ, ನಿಲ್ಲಿಸಬೇಕು. ಸ್ವಲ್ಪ ಒಳ್ಳೆಯ ಯಾವ ಚಾರ್ಜರಿನಲ್ಲೂ ಇದಕ್ಕೆಂದೇ ಒಂದು ಗುಂಡಿಯಿರುತ್ತದೆ. ನಾನು ಆ ಗುಂಡಿಯನ್ನು ಒತ್ತಲಿಲ್ಲ. ಮಗಳು ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದಾಗ ಒಂದು ಸುತ್ತು ಹಾರಿಸಿಯಾಳೆಂದು ಎರಡು ಬ್ಯಾಟರಿಗಳನ್ನು ಪೂರ್ಣ ತುಂಬಿಸಿಟ್ಟೆ. ರಜದಲ್ಲಿ ಹಿಮ ಬಿತ್ತು. ಅವು ಹಾಗೆಯೇ ಉಳಿದವು.

ವಸಂತದಲ್ಲಿ ತೆಗೆದು ನೋಡಿದರೆ ಎರಡೂ ಪೂರಿಯಂತೆ ಉಬ್ಬಿದ್ದವು. ಅವು ಕುಳಿತಿದ್ದದ್ದು ಮರದ ಹಲಗೆಯ ಮೇಲೆ. ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲು ಡಬ್ಬಿ. ಗರಾಜಿನ ನೇರ ಮೇಲೆ ನಾವು ಮಲಗುವ ಕೋಣೆ. ಓದುಗರೇ, ಆ ದಿನ ನನಗಾದ ಭಯವನ್ನು ವರ್ಣಿಸಲಾರೆ. ಲಿಥಿಯಮ್ ಬ್ಯಾಟರಿಗೆ ಬೆಂಕಿ ಹತ್ತಿದರೆ ಅದನ್ನು ಆರಿಸುವುದು ಸುಲಭವಲ್ಲ. ಉಬ್ಬಿದವನ್ನು ಚುಚ್ಚದೆ, ಒತ್ತದೆ, ಮತ್ತೆ ಚಾರ್ಜು ಮಾಡದೆ ಮನೆಯ ಹೊರಗೆ ಮರಳು ತುಂಬಿದ ಲೋಹದ ಬಕೆಟಿನಲ್ಲಿರಿಸಿ, ಜಿಲ್ಲೆಯವರು ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ದಿನ ಒಪ್ಪಿಸಿಬಂದೆ. ಈಗ ನನ್ನ ಬ್ಯಾಟರಿಗಳು ಗರಾಜಿನಲ್ಲಿಲ್ಲ. ನೆಲಮಾಳಿಗೆಯ ಕಾಂಕ್ರೀಟಿನ ಮೇಲೆ, ಲೋಹದ ಪೆಟ್ಟಿಗೆಯಲ್ಲಿವೆ. ಅನಿಲ ಹೊರಹೋಗಲೆಂದು ಪೆಟ್ಟಿಗೆಯ ಮುಚ್ಚಳದ ರಬ್ಬರನ್ನು ಕಿತ್ತಿದ್ದೇನೆ. ನಮ್ಮಂಥ ಶೀತಪ್ರದೇಶದವರು ಇನ್ನೊಂದು ಮಾತನ್ನು ನೆನಪಿಡಬೇಕು: ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಲಿಥಿಯಮ್ ಬ್ಯಾಟರಿಗೆ ಚಾರ್ಜು ಕೊಡಬಾರದು, ಒಳಗೆ ಲೋಹ ಲೇಪನವಾಗಿ ಶಾಶ್ವತವಾಗಿ ಕೆಡುತ್ತದೆ. ಮೊದಲು ಮನೆಯೊಳಗೆ ತಂದು ಬೆಚ್ಚಗಾಗಲು ಬಿಡಬೇಕು.

ಆದರೆ ಆ ಭಯದಿಂದ ನಾನು ಕಲಿತದ್ದು ಅರ್ಧ ಪಾಠ ಮಾತ್ರ. ಹೇಗೂ ಹೊಸ ಬ್ಯಾಟರಿ ಕೊಳ್ಳಬೇಕು. ಮೂರು ಕೋಶದ್ದರ ಬದಲು ನಾಲ್ಕು ಕೋಶದ್ದನ್ನೇ ಏಕೆ ಕೊಳ್ಳಬಾರದು? ಹಾಗಾದರೆ ಮೋಟಾರೂ ಫ್ಯಾನೂ ಹೊಸದಾಗಲಿ. 2024ರ ಜೂನಿನಲ್ಲಿ ಮಗಳು ಮನೆಗೆ ಬರುವಳು. ಅವಳಿಗೆ ತಿಳಿಸದೆ ವಿಮಾನವನ್ನು ಮೇಲ್ದರ್ಜೆಗೇರಿಸಿ ಅಚ್ಚರಿಗೊಳಿಸೋಣ. ಒಂದು ತಪ್ಪನ್ನು ಮುಚ್ಚಿಕೊಳ್ಳಲು ದೊಡ್ಡ ಉಡುಗೊರೆಯನ್ನು ತರುವುದು ಗಂಡಸರ ಹಳೆಯ ಚಾಳಿಯೆಂದು ನನ್ನ ಶ್ರೀಮತಿಯವರ ಅಭಿಪ್ರಾಯ.

ಈ ಮೇಲ್ದರ್ಜೆಯ ಗಣಿತ ಸ್ವಾರಸ್ಯವಾಗಿದೆ. ಇಂಥ ಜೆಟ್‌ನ ಹೊಟ್ಟೆಯಲ್ಲಿ ನಿಜವಾದ ಜೆಟ್ ಎಂಜಿನು ಇರುವುದಿಲ್ಲ. ಒಂದು ಕೊಳವೆ, ಅದರೊಳಗೆ ಅತಿವೇಗದಲ್ಲಿ ಸುತ್ತುವ ವಿದ್ಯುತ್ ಫ್ಯಾನು. ನಮ್ಮದರ ವ್ಯಾಸ 64 ಮಿಲಿಮೀಟರು. ಮೂರು ಕೋಶಗಳಿಗೆ 11.1 ವೋಲ್ಟ್, ನಾಲ್ಕಕ್ಕೆ 14.8. ಅಂದರೆ ಮೂರನೇ ಒಂದು ಪಾಲು ಹೆಚ್ಚು. ಫ್ಯಾನಿನ ವೇಗವೂ ಅದೇ ಪ್ರಮಾಣದಲ್ಲಿ ಏರಿತೆಂದುಕೊಳ್ಳೋಣ. ನೂಕುಬಲ ವೇಗದ ವರ್ಗದಂತೆ ಏರುವುದರಿಂದ 1.8ರಷ್ಟಾಗುತ್ತದೆ. ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದರಿಂದ 2.4ರಷ್ಟಾಗುತ್ತದೆ. ಮೊದಲು 30 ಆಂಪಿಯರ್ ಸೆಳೆಯುತ್ತಿದ್ದ ಮೋಟಾರು ಲೆಕ್ಕದ ಪ್ರಕಾರ 53 ಸೆಳೆಯಬೇಕು. ವಾಸ್ತವದಲ್ಲಿ ತಂತಿಗಳಲ್ಲೂ ಮೋಟಾರಿನಲ್ಲೂ ನಷ್ಟವಾಗಿ ಅಷ್ಟು ಏರುವುದಿಲ್ಲವಾದರೂ 40 ಆಂಪಿಯರಿನ ಹಳೆಯ ವೇಗನಿಯಂತ್ರಕ ಸುಟ್ಟುಹೋಗಲು ಬೇಕಾದಷ್ಟಂತೂ ಏರುತ್ತದೆ. ಆದ್ದರಿಂದ ನಾಲ್ಕು ಕೋಶಕ್ಕೆಂದೇ ಮಾಡಿದ ಮೋಟಾರು, 60 ಆಂಪಿಯರಿನ ನಿಯಂತ್ರಕ, ದಪ್ಪ ತಂತಿ, ಹೊಸ ಜೋಡಣೆಕೊಂಡಿ ತರಿಸಿದೆ. ಐದು ಅಲಗಿನ ಹಳೆಯ ಫ್ಯಾನಿನ ಕೀರಲು ಸದ್ದಿನ ಬದಲು ಗಂಭೀರವಾಗಿ ಸಿಳ್ಳಿಡುವ ಹನ್ನೆರಡು ಅಲಗಿನ ಫ್ಯಾನನ್ನು ಕೂರಿಸಿದೆ.

ಫ್ಯಾನಿನ ಸಮತೋಲವನ್ನೂ ನೋಡಿದೆ. ಅದು ನಿಮಿಷಕ್ಕೆ 40,000 ಸುತ್ತು ಸುತ್ತುವಾಗ ಅಲಗಿನ ತುದಿಯ ಬಳಿ ಒಂದು ಗ್ರಾಮಿನ ಹತ್ತನೇ ಒಂದು ಭಾಗ ಹೆಚ್ಚಿದ್ದರೂ, ಸುಮಾರು ಐದು ಕಿಲೋ ತೂಕದಷ್ಟು ಬಲ ಅಕ್ಷವನ್ನು ಒಂದೇ ಕಡೆಗೆ ಜಗ್ಗುತ್ತದೆ. ನಾಲ್ಕು ಕೋಶದ ಬ್ಯಾಟರಿ ಹಳೆಯದಕ್ಕಿಂತ ಭಾರವಾದ್ದರಿಂದ ಅದನ್ನು ಹಿಂದಕ್ಕೆ ಸರಿಸಿ ಗುರುತ್ವಕೇಂದ್ರವನ್ನು ಹಳೆಯ ಜಾಗಕ್ಕೇ ತಂದೆ. ಮಾಪಕವನ್ನಿಟ್ಟು ಆಂಪಿಯರನ್ನೂ ಅಳೆದೆ. ಎಂಜಿನಿಯರನೆಂಬ ನನ್ನ ಹಮ್ಮಿಗೆ ಎಲ್ಲವೂ ಸರಿಯಾಗಿ ಕಂಡಿತು. ನಾನು ಕೈಯಾಡಿಸಿದ್ದೆಲ್ಲ ಹೊಸ ಭಾಗಗಳ ಮೇಲೆ. ಹಳೆಯ ಬಾಲದ ಕಡೆ ತಿರುಗಿ ನೋಡಲಿಲ್ಲ.

ಕಾಗದಪತ್ರಗಳನ್ನು ಮಾತ್ರ ಅದೃಷ್ಟವಶಾತ್ ನೋಡಿದೆ. ಗೋಡೆಗೊರಗಿದ ವಿಮಾನಕ್ಕೂ ಕಾನೂನು ಬದಲಾಗುತ್ತಲೇ ಇರುತ್ತದೆ. ಅಮೆರಿಕದ ವಿಮಾನಯಾನ ಆಡಳಿತದವರು 2015ರ ಡಿಸೆಂಬರಿನಿಂದ 250 ಗ್ರಾಮಿಗೆ ಮೀರಿದ ಮಾದರಿಗಳಿಗೆ ನೋಂದಣಿಯನ್ನು ವಿಧಿಸಿದ್ದರು. ಮನರಂಜನೆಗೆ ಹಾರಿಸುವವರಿಗೆ ಐದು ಡಾಲರು, ಮೂರು ವರ್ಷದ ಅವಧಿ. ನನ್ನದು ಮುಗಿದುಹೋಗಿತ್ತು. ಇದಲ್ಲದೆ 2023ರ ಸೆಪ್ಟೆಂಬರಿನಿಂದ ನೋಂದಣಿ ಬೇಕಾದ ಮಾದರಿಗಳು ಹಾರುತ್ತಲೇ ತಮ್ಮ ಗುರುತನ್ನು ರೇಡಿಯೋ ಮೂಲಕ ಸಾರಬೇಕೆಂಬ ನಿಯಮ ಜಾರಿಗೆ ಬಂದಿತ್ತು. ಸರ್ಕಾರ ಅದಕ್ಕೆಂದು ಗುರುತಿಸಿದ ಬಯಲುಗಳಲ್ಲಿ ಆ ಸಾಧನವಿಲ್ಲದೆಯೂ ಹಾರಿಸಬಹುದು. ನಮ್ಮ ಕ್ಲಬ್ಬಿನ ಬಯಲು ಅಂಥದ್ದು. ಎರಡು ವರ್ಷ ಕಪಾಟಿನಲ್ಲಿದ್ದ ಮಾದರಿಯನ್ನು ಹೊರತೆಗೆಯುವವರು ಬ್ಯಾಟರಿಯ ಜೊತೆಗೆ ಇವನ್ನೂ ಪರಿಶೀಲಿಸುವುದು ಒಳಿತು.

ಕಥೆ ಮುಂದುವರಿಯುವ ಮುನ್ನ ನಮ್ಮ ತಂದೆಯವರನ್ನು ಇಲ್ಲಿ ಸ್ಮರಿಸಬೇಕು. ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ನನ್ನ ಬಾಲ್ಯದ ಆಕಾಶದಲ್ಲಿದ್ದದ್ದು ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ವಿನ್ಯಾಸಕಾರರು ಬೆಂಗಳೂರಿಗೆ ಬಂದು ನಮ್ಮವರೊಡನೆ ರೂಪಿಸಿದ ಯುದ್ಧವಿಮಾನ. ಮೊದಲು ಹಾರಿದ್ದು 1961ರ ಜೂನ್ 17ರಂದು. ಶಬ್ದದ ಎರಡರಷ್ಟು ವೇಗವನ್ನು ಗುರಿಯಾಗಿಟ್ಟುಕೊಂಡು ಅದರ ಶರೀರವನ್ನು ರಚಿಸಿದ್ದರು. ಆದರೆ ಅದಕ್ಕೆಂದು ನಿರೀಕ್ಷಿಸಿದ್ದ ಬಲಶಾಲಿ ಆರ್ಫಿಯಸ್ ಎಂಜಿನು ಬರಲೇ ಇಲ್ಲ. ಕೈಗೆ ಸಿಕ್ಕ ಚಿಕ್ಕ ಆರ್ಫಿಯಸ್ 703 ಎಂಜಿನುಗಳೆರಡನ್ನು ಇಟ್ಟುಕೊಂಡೇ ಅದು 1971ರ ಯುದ್ಧವನ್ನೂ ಕಂಡಿತು. ಬೇರೆ ಎಂಜಿನು ಹುಡುಕುವ ಪ್ರಯತ್ನಗಳು ಫಲಿಸದೆ 1990ರ ಹೊತ್ತಿಗೆ ಸೇವೆಯಿಂದ ನಿವೃತ್ತವಾಯಿತು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಅದನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಅಲ್ಲಿಗೆ ಹೋದಾಗಲೆಲ್ಲ ತಂದೆಯವರು, "ದೇಹ ಸಿದ್ಧವಾಗಿತ್ತು, ಉಸಿರು ಬರಲಿಲ್ಲ" ಎಂದು ಹೇಳಿ ಸ್ವಲ್ಪ ಹೊತ್ತು ಮೌನವಾಗುತ್ತಿದ್ದರು.

ಅವರು 2019ರಲ್ಲಿ ಮಿಷಿಗನ್ನಿಗೆ ಬಂದಿದ್ದಾಗ ಮೊಮ್ಮಗಳ ಹಾಕನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಇದರ ಪುಸ್ತಕ ಎಲ್ಲಿ?" ಪುಸ್ತಕವಿಲ್ಲವೆಂದಾಗ ಅವರಿಗೆ ನಿಜಕ್ಕೂ ಕಸಿವಿಸಿಯಾಯಿತು. ವಿಮಾನದಲ್ಲಿ ಏನನ್ನು ಬಿಚ್ಚಿದೆ, ಏನನ್ನು ಬದಲಿಸಿದೆ ಎಂಬುದನ್ನು ಬರೆಯಬೇಕು. ಹಾರಿಸುವವನು ಅದನ್ನು ಓದಿ ಸಹಿ ಹಾಕಿದ ಹೊರತು ವಿಮಾನ ನೆಲ ಬಿಡಬಾರದು. ಇದು ಅವರ ಸಂಧ್ಯಾವಂದನೆ. ನಾನು ನಕ್ಕು, ಇದು ಫೋಮ್ ಅಲ್ಲವೇ ಎಂದೆ. "ಗಾಳಿಗೆ ಅದು ಗೊತ್ತಿಲ್ಲವಲ್ಲಪ್ಪ" ಎಂದರು. ಅವರು ಈಗಿಲ್ಲ. ಆ ಮಾತು ಉಳಿದಿದೆ.

ಜೂನಿನ ಆ ಭಾನುವಾರ ಆಕಾಶ ತಿಳಿಯಾಗಿತ್ತು. ಮಗಳು ವಿಮಾನವನ್ನು ಕಂಡು ಹಿಗ್ಗಿದಳು. ಒಳಗೇನು ಮಾಡಿದ್ದೇನೆಂಬುದನ್ನು ನಾನು ಹೇಳಲಿಲ್ಲ, ಅಚ್ಚರಿಯಲ್ಲವೇ. ಎಸೆದೆ. ಹಿಂದೆ ಕೈಬಿಟ್ಟೊಡನೆ ಒಂದಿಷ್ಟು ಕುಸಿದು, ತಡವರಿಸಿ, ಆಮೇಲೆ ಏರುತ್ತಿದ್ದ ವಿಮಾನ ಈಗ ಬಾಣದಂತೆ ಕೈಯಿಂದ ಹೊರಟಿತು. ಅವಳು "ಅಯ್ಯೋ" ಎಂದು ನಕ್ಕಳು. ಎರಡು ಸುತ್ತು ಬಂದಿತು. ಮೂರನೆಯ ಸುತ್ತಿನಲ್ಲಿ ಅವಳು ಪೂರ್ಣ ವೇಗ ಕೊಟ್ಟು, ಕೊಂಚ ತಗ್ಗಿಸಿ ನಮ್ಮ ಮುಂದೆ ಹಾಯಿಸಿದಳು. ಫ್ಯಾನಿನ ಸಿಳ್ಳಿನ ನಡುವೆ ಒಣಗಿದ ತಾಳೆಗರಿ ಗಾಳಿಗೆ ಬಡಿದಂಥ ಸದ್ದೊಂದು ಕೇಳಿತು. ಬಾಲದ ಅಂಚು ಕಣ್ಣಿಗೆ ಮಸುಕಾಯಿತು. ಅವಳು ಆ ಕ್ಷಣವೇ ವೇಗ ಇಳಿಸಿದಳು. ಮಾಡಬೇಕಾದ್ದೂ ಅದನ್ನೇ. ಆದರೆ ಅಷ್ಟರೊಳಗೆ ಬಾಲದ ಪಟ್ಟಿಯ ಅರ್ಧ ಕಿತ್ತು ಹಾರಿಹೋಗಿತ್ತು. ವಿಮಾನ ಒಮ್ಮೆ ತಲೆಯೆತ್ತಿ, ಪಕ್ಕಕ್ಕೆ ಹೊರಳಿ, ಬಯಲಿನಾಚೆಯ ಸೋಯಾ ಹೊಲಕ್ಕೆ ಬಿದ್ದಿತು. ಅಲ್ಲಿ ಯಾರೂ ಇರಲಿಲ್ಲ.

ಆದದ್ದು ಇಷ್ಟು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಹಿಂಜಿದ ಬಿಜಾಗರಿ, ಸಡಿಲವಾದ ಪ್ಲಾಸ್ಟಿಕ್ ಹಲ್ಲಿನ ಸರ್ವೋ, ಬಗ್ಗುವ ತೆಳು ಸರಳು: ಇವು ಮೂರೂ ಹಳೆಯ ವೇಗದಲ್ಲಿ ಹೇಗೋ ನಿಭಾಯಿಸುತ್ತಿದ್ದವು. ವೇಗ ಒಂದು ಮಿತಿಯನ್ನು ದಾಟಿದೊಡನೆ ಪಟ್ಟಿ ಗಾಳಿಯಿಂದಲೇ ಬಲ ಪಡೆದು ತಾನೇ ತಾನಾಗಿ ಬಡಿದುಕೊಳ್ಳತೊಡಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ಕಿತ್ತುಹೋಗುತ್ತದೆ. ಗೋಡೆಗೊರಗಿಸಿದ ದಿನ ಆರಂಭವಾದ ಬಿರುಕು, ನಾಲ್ಕನೆಯ ಕೋಶ ಬಂದ ದಿನ ಬಾಯಿ ತೆರೆಯಿತು. ಮಾರುತಿಗೆ ದೇಹವಿತ್ತು, ಉಸಿರು ಬರಲಿಲ್ಲ. ನಾನು ದೇಹವನ್ನು ನೋಡದೆ ಉಸಿರು ತುಂಬಿದೆ.

ಮೂತಿ ಮುರಿದಿತ್ತು, ಒಂದು ರೆಕ್ಕೆ ಬುಡದಲ್ಲಿ ಸೀಳಿತ್ತು. ಏಟು ಬಿದ್ದ ಬ್ಯಾಟರಿಯನ್ನು ಬಿಚ್ಚಿ, ದೂರದಲ್ಲಿ ಮರಳಿನ ಬಕೆಟಿನಲ್ಲಿರಿಸಿ ಕಾದೆವು. ಅಂಥದು ತುಸು ಹೊತ್ತಿನ ಮೇಲೂ ಉರಿಯಬಲ್ಲುದು. ಕಾಯುತ್ತ ನಾನು ಎಲ್ಲವನ್ನೂ ಹೇಳಿದೆ: ನಾಲ್ಕು ಕೋಶ, ಹೊಸ ಫ್ಯಾನು, ಉಬ್ಬಿದ ಬ್ಯಾಟರಿಗಳು. ಅವಳು ಸಿಟ್ಟಾಗಲಿಲ್ಲ. "ಹೇಳಿದ್ದರೆ ಮೊದಲ ದಿನ ನಿಧಾನವಾಗಿ ಹಾರಿಸುತ್ತಿದ್ದೆ ಅಪ್ಪ" ಎಂದಳು. ಸ್ವಲ್ಪ ತಡೆದು, "ಅದು ನನ್ನ ವಿಮಾನ ಅಂತ ನಾನು ಹಾರಿಸಿದೆ. ಅದು ಬೇರೆಯದಾಗಿತ್ತು" ಎಂದಳು. ಗದರಿದ್ದರೆ ಹಗುರವಾಗುತ್ತಿತ್ತು. ತಂದೆಯವರ ಪುಸ್ತಕದ ಅರ್ಥ ನನಗಾದದ್ದು ಆಗ. ಆ ಪುಸ್ತಕ ಯಂತ್ರಕ್ಕಾಗಿ ಅಲ್ಲ. ಯಂತ್ರವನ್ನು ನಂಬಿ ಹಾರಿಸುವವರಿಗಾಗಿ.

ಆ ಆಗಸ್ಟಿನೊಳಗೆ ನಾವಿಬ್ಬರೂ ಸೇರಿ ಅದನ್ನು ರಿಪೇರಿ ಮಾಡಿದೆವು. ಈ ಬಾರಿ ಕೆಲಸದ ಕ್ರಮವನ್ನು ನಿಶ್ಚಯಿಸಿದವಳು ಅವಳು. ಅದೇ ಕ್ರಮವನ್ನು ಓದುಗರಿಗೂ ಶಿಫಾರಸು ಮಾಡುತ್ತೇನೆ: ಮೊದಲು ಬಲ, ಆಮೇಲೆ ವೇಗ. ಮುರಿದ ಕಡೆಗಳನ್ನು ಅಂಟಿಸಿ, ರೆಕ್ಕೆಯ ಬುಡಕ್ಕೂ ಬಾಲಕ್ಕೂ ಕಾರ್ಬನ್ ನಾರಿನ ಕಡ್ಡಿಗಳನ್ನು ಹುದುಗಿಸಿದೆವು. ಫೋಮ್ ಬಿಜಾಗರಿಯನ್ನು ಪೂರ್ತಿ ಕತ್ತರಿಸಿ ನೈಲಾನಿನವನ್ನು ಕೂರಿಸಿದೆವು. ಲೋಹದ ಹಲ್ಲಿನ ಸರ್ವೋ, ಬಗ್ಗದ ಸರಳು. ಸರ್ವೋ ತೋಳಿನ ಒಳರಂಧ್ರ, ಬಾಲದ ಕೊಂಬಿನ ಹೊರರಂಧ್ರ. ಹೀಗೆ ಮಾಡಿದರೆ ಚಲನೆ ಕಡಿಮೆಯಾದರೂ ಹಿಡಿತ ಹೆಚ್ಚುತ್ತದೆ, ಸಡಿಲ ಕುಗ್ಗುತ್ತದೆ. ಇಷ್ಟಾದ ಮೇಲೆ ಹಳೆಯ ಫ್ಯಾನನ್ನೂ ಮೂರು ಕೋಶದ ಬ್ಯಾಟರಿಯನ್ನೂ ಮರಳಿ ಹಾಕಿಯೇ ಒಂದು ಋತು ಹಾರಿಸಿದಳು. ನಾಲ್ಕನೆಯ ಕೋಶ ಮತ್ತೆ ಬಂದದ್ದು 2025ರ ಬೇಸಗೆಯಲ್ಲಿ. ಅದೂ ಮೊದಲ ದಿನ ಅರ್ಧ ವೇಗದಲ್ಲಿ, ಪ್ರತಿ ಇಳಿತದ ಬಳಿಕ ಬಾಲವನ್ನು ಬೆರಳಿನಿಂದ ಅಲುಗಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅವಳ ನಿಯಮ. ಹಾಗಿಲ್ಲದಿದ್ದರೆ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.

ಇರಿಸುವ ಕ್ರಮವೂ ಬದಲಾಗಿದೆ. ನೀರಿನ ಪ್ಲಾಸ್ಟಿಕ್ ಕೊಳವೆಗಳಿಂದ ಒಂದು ಚೌಕಟ್ಟು ಮಾಡಿ, ಕೊಳವೆಗಳಿಗೆ ಮೆತ್ತನೆಯ ಹೊದಿಕೆ ಸುತ್ತಿ, ನೆಲಮಾಳಿಗೆಯ ಒಳಗೋಡೆಗೆ ಬಿಗಿದಿದ್ದೇನೆ. ವಿಮಾನ ಮಲಗುವುದು ಹೊಟ್ಟೆಯ ಮೇಲೆ, ರೆಕ್ಕೆಯ ಬುಡದ ಗಟ್ಟಿಭಾಗದ ಆಧಾರದಲ್ಲಿ. ಬಾಲಕ್ಕೂ ರೆಕ್ಕೆಯ ತುದಿಗೂ ಏನೂ ತಾಗುವುದಿಲ್ಲ. ಬೇಸಗೆಯಲ್ಲಿ ಬಿಸಿಲಿಗೆ ಕಾಯುವ ಅಟ್ಟ, ಗರಾಜು, ಮುಚ್ಚಿದ ಕಾರು ಇವುಗಳಲ್ಲಿ ಇಡುವುದಿಲ್ಲ. ತೇವ ತೆಗೆಯುವ ಯಂತ್ರ ನೆಲಮಾಳಿಗೆಯಲ್ಲಿ ಓಡುತ್ತದೆ, ಮೋಟಾರಿನ ಬೇರಿಂಗು ತುಕ್ಕು ಹಿಡಿಯದಿರಲೆಂದು. ಅಂಗಡಿಯಿಂದ ಬಂದ ಅಚ್ಚಿನ ಪೆಟ್ಟಿಗೆಯನ್ನು ದಯವಿಟ್ಟು ಯಾರೂ ಎಸೆಯಬೇಡಿ. ಜಾಗವಿದ್ದವರಿಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಬ್ಯಾಟರಿ ವಿಮಾನದೊಳಗೆ ಎಂದಿಗೂ ಉಳಿಯಕೂಡದು.

ತಿಥಿಗಳನ್ನು ನೆನಪಿಡಲು ನಮ್ಮ ಹಬ್ಬಗಳೇ ಇವೆ. ದೀಪಾವಳಿಗೆ ಇಲ್ಲಿ ಹಾರಾಟದ ಋತು ಮುಗಿಯುತ್ತ ಬರುತ್ತದೆ. ಆ ವಾರ ಬ್ಯಾಟರಿಗಳನ್ನು 3.8 ವೋಲ್ಟಿಗೆ ತಂದು ಪೆಟ್ಟಿಗೆಗೆ ಸೇರಿಸುತ್ತೇನೆ. ಯುಗಾದಿಗೆ ಎಲ್ಲವನ್ನೂ ಹೊರತೆಗೆದು ಬಿಜಾಗರಿ, ಅಂಟು, ತಿರುಪು, ನೋಂದಣಿಗಳನ್ನು ಪರೀಕ್ಷಿಸುತ್ತೇನೆ. ಬೇವುಬೆಲ್ಲದ ದಿನಕ್ಕೆ ಇದು ತಕ್ಕ ಕೆಲಸ: ಏನು ಉಳಿದಿದೆ, ಏನು ಕೆಟ್ಟಿದೆ ಎಂಬೆರಡೂ ಅಂದೇ ಬಾಯಿಗೆ ಬರುತ್ತವೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದನೆಂದು ನೀವು ನಗಬಹುದು. ನಗಿರಿ, ಆದರೆ ನಿಮ್ಮ ಮನೆಯ ದಿಡ್ಡಿ ಬಾಗಿಲನ್ನೂ ಒಮ್ಮೆ ನೋಡಿ ಬನ್ನಿ. ಮಕ್ಕಳು ಬಿಟ್ಟುಹೋದ ಬ್ಯಾಟರಿಗಳು ಯಾವ ಕಪಾಟಿನಲ್ಲಿ, ಯಾವ ಸ್ಥಿತಿಯಲ್ಲಿವೆಯೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಚೌಕಟ್ಟಿಗೆ ಒಂದು ದಾರದಲ್ಲಿ ಪುಸ್ತಕ ತೂಗುತ್ತದೆ. ಬದಲಾವಣೆಗಳು ಬಹುಪಾಲು ಅವಳ ಬರಹದಲ್ಲಿ, ಇಂಗ್ಲಿಷಿನಲ್ಲಿವೆ. ಪ್ರತಿ ಸಾಲಿನ ಕೆಳಗೆ ಇಬ್ಬರ ಸಹಿ. ಈ ವರ್ಷ ಕಾಲೇಜಿಗೆ ಹಿಂತಿರುಗುವ ಮುನ್ನ ಅವಳು ವಿಮಾನದ ಕೊರಳಿಗೆ ಒಂದು ಚೀಟಿ ಕಟ್ಟಿದಳು. ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಅದರ ಮೇಲೆ ಬರೆದಿದೆ: "ಕೇಳದೆ ಮುಟ್ಟಬೆಡಿ." ಬಕಾರದ ದೀರ್ಘ ಬಿಟ್ಟುಹೋಗಿದೆ. ಲೇಖನಿ ತೆಗೆದು ತಿದ್ದಲು ಹೋದವನು ಕೈ ಹಿಂತೆಗೆದೆ. ಕೇಳದೆ ಮುಟ್ಟಬಾರದಲ್ಲವೇ.